ಕಣ್ಣಾಸ್ಪತ್ರೆಯ ತಿರುವು

ನಮ್ಮೂರಿನಲ್ಲಿ ಗಾಡಿಯ ಇಂಡಿಕೇಟರ್ ಹಾಕಿದರೆ, ಅದನ್ನು ನೋಡಿದವರಿಗೆಲ್ಲ ಗಾಡಿ ಓಡಿಸುವವರು ಎಲ್ಲಿಗೆ ಹೊರಟಿದ್ದಾರೆ ಅನ್ನುವುದು ತಿಳಿದುಬಿಡುತ್ತದೆ. ಬರೀ ಎಡಕ್ಕೋ ಬಲಕ್ಕೋ ಅಂತಲ್ಲ. ಯಾವ ಮನೆಗೆ, ಯಾವ ಅಂಗಡಿಗೆ, ಯಾವ ಆಫೀಸಿಗೆ ಅಂತ. ಮರೆತುಹೋಗಿದ್ದ ಹೆಸರೊಂದು ತಟಕ್ಕನೆ ನೆನಪಾಗುವ ಹಾಗೆ ಅದು ಮನಸ್ಸಿಗೆ ಬಂದು ಕೂರುತ್ತದೆ. ಯಾಕೆ ಹೋಗುತ್ತಿದ್ದಾರೆ ಅನ್ನುವುದು ಮಾತ್ರ ತಿಳಿಯುವುದಿಲ್ಲ. ಅದನ್ನು ಊರಿನವರು ತಾವೇ ಊಹಿಸಿಕೊಳ್ಳುತ್ತಾರೆ, ಮತ್ತು ಊಹೆಗೆ ನಮ್ಮೂರಿನಲ್ಲಿ ಯಾವತ್ತೂ ಬರ ಬಂದಿಲ್ಲ.

ಇದರಿಂದ ಅನುಕೂಲವೂ ಇತ್ತೆನ್ನಿ. ನೆಂಟರ ಕಾರು ಗಡಿಯಾರದ ಸರ್ಕಲ್ಲಿನಲ್ಲಿ ದೀಪ ಹಾಕಿದ್ದನ್ನು ಕಂಡವರು ಯಾರಾದರೂ ಫೋನು ಮಾಡಿ ತಿಳಿಸುತ್ತಿದ್ದರು. ಮನೆಯವರು ಅನ್ನಕ್ಕೆ ಒಂದು ಪಾವು ಅಕ್ಕಿ ಹೆಚ್ಚಿಗೆ ಇಡುತ್ತಿದ್ದರು. ಆದರೂ ಊರಿನ ಅರ್ಧ ಜನ ದೀಪ ಹಾಕುತ್ತಿರಲಿಲ್ಲ. ಹೆಣ್ಣು ನೋಡಲು ಹೋಗುವವರು ಹಾಕುತ್ತಿರಲಿಲ್ಲ, ಸಂಬಂಧ ಕೂಡಿಬರದಿದ್ದರೆ ಎರಡೂ ಮನೆಗೆ ಮುಜುಗರ ಅಂತ. ಹೆಂಡತಿಗೆ ಹೇಳದೆ ತಾಯಿಯನ್ನು ನೋಡಲು ಹೋಗುವ ಗಂಡಂದಿರು ಹಾಕುತ್ತಿರಲಿಲ್ಲ. ದೊಡ್ಡ ಹೋಟೆಲೊಂದರ ಅಡುಗೆಯವರು ಬೆಳಗಿನ ಇಡ್ಲಿಗೆ ಬಸ್‌ಸ್ಟ್ಯಾಂಡಿನ ಹತ್ತಿರದ ತಳ್ಳುಗಾಡಿಗೆ ಹೋಗುತ್ತಿದ್ದರು. ಅವರ ಮೋಪೆಡ್ಡಿನ ದೀಪ ಉರಿದದ್ದನ್ನು ನಾನು ಕಂಡೇ ಇಲ್ಲ. ಪೊಲೀಸ್ ಜೀಪಿನ ವಿಷಯ ಹೇಳುವುದೇ ಬೇಡ.

ನನ್ನ ಹೆಸರು ನೀಲಾಂಬಿಕೆ. ಊರಿನ ಒಂದೇ ಡ್ರೈವಿಂಗ್ ಸ್ಕೂಲ್ ನನ್ನದು. ಶುರು ಮಾಡಿದ್ದು ನನ್ನ ಗಂಡ. ಅವರು ತೀರಿಕೊಂಡ ಮೇಲೆ, ಹದಿಮೂರು ವರ್ಷದಿಂದ, ನಾನೇ ನಡೆಸುತ್ತಿದ್ದೇನೆ. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಕಲಿಯಲು ಬಂದವರಿಗೆ ಮೊದಲನೆಯ ದಿನವೇ ಒಂದು ಮಾತು ಹೇಳುತ್ತಿದ್ದೆ. "ನೋಡಿ, ಹೇಳಿಕೊಳ್ಳೋಕೆ ನಾಚಿಕೆ ಆಗೋ ಜಾಗಕ್ಕೆ ನಡೆದುಕೊಂಡು ಹೋಗಿ. ಗಾಡಿಯಲ್ಲಿ ಹೋಗೋದಾದರೆ ದೀಪ ಹಾಕಿಯೇ ತಿರುಗಬೇಕು. ಹಿಂದಿನವರಿಗೆ ನಿಮ್ಮ ಮರ್ಯಾದೆಗಿಂತ ಅವರ ಕೈಕಾಲು ದೊಡ್ಡದು." ನನ್ನ ಹತ್ತಿರ ಕಲಿತವರು ದೀಪ ಹಾಕದೆ ತಿರುಗುವುದಿಲ್ಲ ಅಂತ ಊರಿನಲ್ಲಿ ಹೆಸರಿತ್ತು. ಹೆಣ್ಣುಮಕ್ಕಳನ್ನು ನನ್ನ ಬಳಿಗೇ ಕಳಿಸುತ್ತಿದ್ದದ್ದು ಅದಕ್ಕೇ.

ಹಾಗೆ ಕಲಿತವರಲ್ಲಿ ಜೈಬುನ್ನಿಸಾ ಒಬ್ಬರು. ಬಟ್ಟೆ ಹೊಲಿಯುವವರು. ಐವತ್ತೆರಡನೆಯ ವಯಸ್ಸಿನಲ್ಲಿ ಸ್ಕೂಟರ್ ಕಲಿಯಲು ಬಂದರು. ಹೊಲಿದ ರವಿಕೆಗಳನ್ನು ಚೀಲದಲ್ಲಿಟ್ಟುಕೊಂಡು ಮನೆಮನೆಗೆ ನಡೆದೇ ಮುಟ್ಟಿಸುತ್ತಿದ್ದವರು. ಮಂಡಿ ನೋವು ಶುರುವಾಗಿತ್ತು. ತಮ್ಮ ದಸ್ತಗೀರನ ಮನೆಯಲ್ಲಿ ಇದ್ದರು. ಟಯರ್ ಅಂಗಡಿ ಇಟ್ಟಿದ್ದ ಅವನಿಗೆ ಅಕ್ಕ ಸ್ಕೂಟರ್ ಓಡಿಸುವುದು ಸುತರಾಂ ಇಷ್ಟವಿರಲಿಲ್ಲ. "ದಿನಾ ಒಡೆದುಹೋದ ಗಾಡಿಗಳನ್ನೇ ನೋಡ್ತೀನಿ ನಾನು" ಅನ್ನುತ್ತಿದ್ದ. ಅವರು ಕಲಿತೇ ತೀರಿದರು. ಇಪ್ಪತ್ತಾರು ದಿನ ನಾನು ಹೈಸ್ಕೂಲ್ ಮೈದಾನದಲ್ಲಿ ಅವರ ಪಕ್ಕದಲ್ಲಿ ಓಡಿದ್ದೇನೆ. ಲೈಸೆನ್ಸ್ ಸಿಕ್ಕಿದ ದಿನ ನನ್ನ ಅತ್ತೆಗೆ ಒಂದು ರವಿಕೆ ಹೊಲಿದು ತಂದುಕೊಟ್ಟು, ಟೀ ಕುಡಿದು, ಗೇಟಿನಿಂದ ಹೊರಗೆ ಹೋಗುವಾಗ ದೀಪ ಹಾಕಿದರು. ಮಾರ್ಕೆಟ್ಟಿನ ಗುಂಡಿ ಅಂಗಡಿಗೆ ಹೋಗುತ್ತಿದ್ದಾರೆ ಅಂತ ನನಗೂ ಅತ್ತೆಗೂ ಒಟ್ಟಿಗೇ ತಿಳಿಯಿತು. "ಎಷ್ಟು ನೇರವಾದ ಹೆಂಗಸು" ಅಂದರು ಅತ್ತೆ.

ಆ ಹೊತ್ತಿಗಾಗಲೇ ನಾನು ನೇರವಾಗಿರಲಿಲ್ಲ.

ನನ್ನ ಬಲಗಣ್ಣು ಮಂಜಾಗುತ್ತಿತ್ತು. ಮೊದಲು ಕನ್ನಡಕದ ಕೊಳೆ ಅಂದುಕೊಂಡೆ. ಸೆರಗಿನಿಂದ ಎಷ್ಟು ಒರೆಸಿದರೂ ಹೋಗಲಿಲ್ಲ. ಆಮೇಲೆ ಎದುರಿನ ಗಾಡಿಗಳ ದೀಪ ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣತೊಡಗಿತು. ಬಿಳಿ ಪಂಚೆಗಳೆಲ್ಲ ಹಳದಿಗಟ್ಟಿದವು. ಒಂದು ಬೆಳಿಗ್ಗೆ ಎಡಗಣ್ಣು ಮುಚ್ಚಿ ನೋಡಿದರೆ, ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಇರಲಿಲ್ಲ. ಬರೀ ಕಾಗದ ಇತ್ತು.

ನನ್ನ ಅಪ್ಪನಿಗೆ ಐವತ್ತೈದಕ್ಕೆ ಎರಡೂ ಕಣ್ಣು ಹೋದವು. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಇನ್ನು ಏನೂ ಮಾಡಲಾಗದು ಅಂದಿದ್ದರು ಡಾಕ್ಟರು. ಆಮೇಲೆ ಹನ್ನೊಂದು ವರ್ಷ ಅಪ್ಪ ಗೋಡೆ ಸವರಿಕೊಂಡು ಓಡಾಡಿದ್ದನ್ನು ನೋಡಿದವಳು ನಾನು. ನನಗೀಗ ಐವತ್ತೊಂದು. ಲೆಕ್ಕ ಸರಿಯಾಗಿದೆ ಅನ್ನಿಸಿತು.

ಕಣ್ಣಾಸ್ಪತ್ರೆ ಇರುವುದು ಊರಾಚೆಯ ಬೈಪಾಸಿನಲ್ಲಿ, ಎಳನೀರು ಗಾಡಿಯ ಎದುರು ಬಲಕ್ಕೆ ತಿರುಗುವ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ದನದ ಆಸ್ಪತ್ರೆ, ಬೀಜದ ಗೋದಾಮು ಎಲ್ಲ ಇವೆ. ಕಾರು ನಿಂತಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ದೀಪ ಹಾಕಿದರೆ ಮಾತ್ರ ತಿಳಿದುಹೋಗುತ್ತದೆ. ಡ್ರೈವಿಂಗ್ ಸ್ಕೂಲಿನ ನೀಲಾಂಬಿಕೆ ಕಣ್ಣಾಸ್ಪತ್ರೆಗೆ ಹೋದಳಂತೆ ಅಂದರೆ ನಾಳೆಯಿಂದ ಯಾವ ತಾಯಿ ಮಗಳನ್ನು ನನ್ನ ಪಕ್ಕ ಕೂರಿಸುತ್ತಾಳೆ? ಹೀಗಂತ ನನಗೆ ನಾನೇ ಕಾರಣ ಹೇಳಿಕೊಂಡೆ. ನಿಜವಾದ ಕಾರಣ ಬೇರೆ ಇತ್ತು. ಯಾರಾದರೂ "ಏನಂದರು ಡಾಕ್ಟರು?" ಅಂತ ಕೇಳಿದರೆ ಒಂದು ಉತ್ತರ ಬೇಕಾಗುತ್ತದೆ, ಆ ಉತ್ತರ ನನಗೂ ಕೇಳಿಸುತ್ತದೆ. ಅದು ನನಗೆ ಬೇಡವಾಗಿತ್ತು.

ಹಾಗಾಗಿ ಕ್ಲಾಸುಗಳ ನಡುವಿನ ಬಿಡುವಿನಲ್ಲಿ, ಹನ್ನೊಂದು ಗಂಟೆಯ ಮೇಲೆ, ಐದು ಸಲ ಆ ರಸ್ತೆಗೆ ಹೋದೆ. ಐದು ಸಲವೂ ದೀಪ ಹಾಕಲಿಲ್ಲ. ಐದು ಸಲವೂ ಆಸ್ಪತ್ರೆಯ ಗೇಟಿನ ಹೊರಗೆ ಕಾರಿನಲ್ಲೇ ಕೂತು ವಾಪಸ್ಸು ಬಂದೆ.

ಆರನೆಯ ಸಲ ಹೋದದ್ದು ಒಂದು ಬುಧವಾರ. ತಿರುವು ಬಂತು. ವೇಗ ಕಡಿಮೆ ಮಾಡಿದೆ. ಬಲಗಡೆಯ ಕನ್ನಡಿ ನೋಡಿದೆ. ಅದರಲ್ಲಿ ಬಿಸಿಲು ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಎಳನೀರಿನ ಜವರಪ್ಪ ಗಾಡಿಯ ಪಕ್ಕ ನಿಂತಿದ್ದ. ಕೈ ಇಂಡಿಕೇಟರಿನ ಕಡ್ಡಿಯ ಮೇಲೇ ಇತ್ತು, ಆದರೂ ಒತ್ತಲಿಲ್ಲ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಬಾಗಿಲಿಗೆ ಏನೋ ಬಡಿಯಿತು. ಬ್ರೇಕ್ ಒತ್ತಿದೆ. ಇಳಿದು ನೋಡಿದರೆ ರಸ್ತೆಯಲ್ಲಿ ಸ್ಕೂಟರ್ ಮಲಗಿತ್ತು, ಅದರ ಚಕ್ರ ಇನ್ನೂ ಸುತ್ತುತ್ತಿತ್ತು. ಮಣ್ಣಿನಲ್ಲಿ ಜೈಬುನ್ನಿಸಾ ಕೂತಿದ್ದರು. ತಲೆಯಲ್ಲಿ ಹೆಲ್ಮೆಟ್ ಸರಿಯಾಗಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಅದು ಮಣಿಕಟ್ಟಿನ ಹತ್ತಿರ ಇರಬಾರದ ರೀತಿಯಲ್ಲಿ ಬಾಗಿತ್ತು. ಚೀಲದಿಂದ ರವಿಕೆಗಳು ರಸ್ತೆಯ ತುಂಬ ಚೆಲ್ಲಿದ್ದವು.

"ಮೇಡಂ, ನೀವಾ?" ಅಂದರು. ನಾನು ಅಂತ ಗೊತ್ತಾದ ಮೇಲೆ ಅವರ ಮುಖ ಸ್ವಲ್ಪ ಹಗುರಾಯಿತು. ಆ ಹಗುರವನ್ನು ನೋಡಲಾರದೆ ಬಗ್ಗಿ ಅವರ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದೆ.

ಹತ್ತಿರ ಇದ್ದದ್ದು ಕಣ್ಣಾಸ್ಪತ್ರೆ ಒಂದೇ. ಜವರಪ್ಪನೂ ನಾನೂ ಎರಡು ಕಡೆ ಹಿಡಿದು ಅವರನ್ನು ನಡೆಸಿಕೊಂಡು ಹೋದೆವು. ಐದು ಸಲ ದಾಟಲಾಗದಿದ್ದ ಗೇಟನ್ನು ಯೋಚನೆಯೇ ಇಲ್ಲದೆ ದಾಟಿದೆ. ಅಲ್ಲಿದ್ದವರು ಡಾಕ್ಟರ್ ಇಂದುಮತಿ ಅಂತ, ನನಗಿಂತ ಹತ್ತು ವರ್ಷ ಚಿಕ್ಕವರು. "ಇದು ಕಣ್ಣಿನ ಆಸ್ಪತ್ರೆ, ಆದರೂ ಕೈ ಯಾವುದು ಅಂತ ನಮಗೂ ಗೊತ್ತು, ಬನ್ನಿ" ಅನ್ನುತ್ತಾ ಒಳಗೆ ಕೂರಿಸಿದರು. ರಟ್ಟು ಇಟ್ಟು ಕೈಯನ್ನು ಅಲುಗಾಡದಂತೆ ಕಟ್ಟಿ, ನೋವಿಗೆ ಇಂಜೆಕ್ಷನ್ ಕೊಟ್ಟರು. ಮೂಳೆ ಮುರಿದಿರುವ ಹಾಗಿದೆ, ದೊಡ್ಡಾಸ್ಪತ್ರೆಗೆ ಕಳಿಸೋಣ, ಗಾಡಿ ಬರಲಿ ಅಂದರು.

ಗಾಡಿಗಿಂತ ಮೊದಲು ಹೆಡ್ ಕಾನ್‌ಸ್ಟೇಬಲ್ ಸಣ್ಣಯ್ಯ ಬಂದರು, ಅವರ ಹಿಂದೆಯೇ ದಸ್ತಗೀರ.

"ಏನಮ್ಮಾ, ಹೇಗಾಯ್ತು?" ಅಂತ ಸಣ್ಣಯ್ಯ ಕೇಳಿದರು.

ಜೈಬುನ್ನಿಸಾ ನನ್ನನ್ನು ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. "ಮೇಡಂ ಗಾಡಿ ನಿಧಾನ ಆಯ್ತು ಸಾರ್. ದೀಪ ಕಾಣಲಿಲ್ಲ. ನನಗೆ ದಾರಿ ಬಿಟ್ರು ಅಂದ್ಕೊಂಡು ಬಲಗಡೆಯಿಂದ ಮುಂದೆ ಹೋದೆ. ಅಷ್ಟರಲ್ಲಿ ತಿರುಗಿದರು." ಮತ್ತೆ ತಾವೇ ಹೇಳಿದರು. "ಆದರೆ ಮೇಡಂ ದೀಪ ಹಾಕದೆ ತಿರುಗೋರಲ್ಲ. ಹಾಕೇ ಇರ್ತಾರೆ. ನನ್ನ ಕಣ್ಣಿಗೇ ಕಾಣಲಿಲ್ಲ ಅನ್ಸುತ್ತೆ. ತಪ್ಪು ನಂದೇ."

ಸಣ್ಣಯ್ಯ ಜವರಪ್ಪನ ಕಡೆ ತಿರುಗಿದರು. "ನೀನಲ್ಲೇ ಇದ್ದೆಯಲ್ಲ. ಮೇಡಂ ಎಲ್ಲಿಗೆ ಹೊರಟಿದ್ರು ಅಂತ ನಿನಗೆ ತಿಳೀತಾ?"

ಇದು ನಮ್ಮೂರಿನ ಪೊಲೀಸರು ಕೇಳುವ ಮೊದಲ ಪ್ರಶ್ನೆ. ತಿಳಿದಿದ್ದರೆ ದೀಪ ಹಾಕಿದ್ದಾರೆ, ತಿಳಿಯದಿದ್ದರೆ ಹಾಕಿಲ್ಲ. ಜವರಪ್ಪ ನನ್ನ ಮುಖ ನೋಡಿ, ನೆಲ ನೋಡಿದ. ಅವನ ಮಗಳಿಗೂ ನಾನೇ ಗಾಡಿ ಕಲಿಸಿದ್ದೆ. "ನಾನು ಕಾಯಿ ಕೆತ್ತುತ್ತಿದ್ದೆ ಸಾರ್. ನೋಡಲಿಲ್ಲ" ಅಂದ.

ಸಣ್ಣಯ್ಯ ನನ್ನನ್ನು ಕೇಳಲೇ ಇಲ್ಲ. ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ನಾನೂ ಬಾಯಿ ಬಿಡಲಿಲ್ಲ. "ಹೊಸದಾಗಿ ಕಲಿತವರು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತಮ್ಮಾ" ಅಂತ ಸಣ್ಣಯ್ಯ ಜೈಬುನ್ನಿಸಾ ಅವರಿಗೇ ಬುದ್ಧಿ ಹೇಳಿ ಹೊರಗೆ ನಡೆದರು. ದಸ್ತಗೀರ ಏನೂ ಕೂಗಾಡಲಿಲ್ಲ. ಜವರಪ್ಪ ಗಾಡಿಯಿಂದ ತೆಗೆದು ಅಕ್ಕನ ಪಕ್ಕ ಇಟ್ಟಿದ್ದ ಸ್ಕೂಟರಿನ ಕೀ ಎತ್ತಿ ಜೇಬಿಗೆ ಹಾಕಿಕೊಂಡ. "ಇನ್ನು ಇದು ಸಾಕು ಅಕ್ಕಾ" ಅಂತಷ್ಟೇ ಹೇಳಿ ಅವನೂ ಹೊರಗೆ ಹೋದ. ಜೈಬುನ್ನಿಸಾ ತಡೆಯಲಿಲ್ಲ. ತಮ್ಮ ಕಣ್ಣನ್ನೇ ನಂಬದವರು ಏನಂತ ತಡೆದಾರು?

ಸ್ವಲ್ಪ ಹೊತ್ತಿನ ಮೇಲೆ ಅವರು ಡಾಕ್ಟರನ್ನು ಕೇಳಿದರು. "ಹೇಗೂ ಬಂದಿದೀನಲ್ಲ ಡಾಕ್ಟ್ರೇ, ನನ್ನ ಕಣ್ಣು ಒಂಚೂರು ನೋಡಿಬಿಡಿ. ಹೊಲಿಗೆಯವಳು ನಾನು. ಅಷ್ಟು ದೊಡ್ಡ ದೀಪ ಕಾಣಲಿಲ್ಲ ಅಂದರೆ ನಾಳೆ ಸೂಜಿ ಹೇಗೆ ಕಾಣುತ್ತೆ?"

ಅವರ ದನಿಯಲ್ಲಿ ಹೆದರಿಕೆ ಇತ್ತು. ಆ ಹೆದರಿಕೆ ನನಗೆ ಚೆನ್ನಾಗಿ ಪರಿಚಯದ್ದು. ಎಂಟು ತಿಂಗಳಿಂದ ನನ್ನ ಜೊತೆಗೇ ಮಲಗಿ ಏಳುತ್ತಿತ್ತು.

ಡಾಕ್ಟರು ಎದುರಿನ ಗೋಡೆಯ ಅಕ್ಷರಗಳ ಹಲಗೆಗೆ ದೀಪ ಹಾಕಿದರು. ಮೇಲೆ ದೊಡ್ಡದಾಗಿ ಒಂದು 'ರ', ಕೆಳಕೆಳಗೆ ಹೋದ ಹಾಗೆ ಚಿಕ್ಕ ಅಕ್ಷರಗಳು. ಜೈಬುನ್ನಿಸಾ ಒಂದು ಕಣ್ಣು ಮುಚ್ಚಿಸಿಕೊಂಡು ಓದತೊಡಗಿದರು. ನಿಲ್ಲಲೇ ಇಲ್ಲ. ಕೊನೆಯ ಸಾಲಿನವರೆಗೂ ಓದಿ, ಅದರ ಕೆಳಗೆ ಹಲಗೆ ಮಾಡಿದ ಅಂಗಡಿಯ ಹೆಸರಿತ್ತು, ಅದನ್ನೂ ಓದಿದರು. ಇನ್ನೊಂದು ಕಣ್ಣಿನಲ್ಲೂ ಹಾಗೇ. ನಾನು ಬಾಗಿಲ ಬಳಿ ನಿಂತಿದ್ದೆ. ಯಾವಾಗ ಕೈ ಎತ್ತಿ ನನ್ನ ಎಡಗಣ್ಣು ಮುಚ್ಚಿಕೊಂಡೆನೋ ಗೊತ್ತಿಲ್ಲ. ಮೇಲಿನ 'ರ' ಒಂದು ಕಂದು ಬಣ್ಣದ ಕಲೆಯ ಹಾಗೆ ಕಂಡಿತು. ಅದರ ಕೆಳಗೆ ಏನೂ ಇರಲಿಲ್ಲ.

"ನಿಮ್ಮ ಕಣ್ಣು ಚಿನ್ನದಂಥದ್ದು. ಕಾಣಲಿಲ್ಲ ಅಂದರೆ ಅಲ್ಲಿ ಏನೂ ಇರಲಿಲ್ಲ ಅಂತ ಅರ್ಥ" ಅಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಕೈ ಇಳಿಸುವಷ್ಟರಲ್ಲಿ ತಡವಾಗಿತ್ತು. "ನಿಮಗೆ ಎಷ್ಟು ದಿನದಿಂದ ಹೀಗಿದೆ?"

ಜೈಬುನ್ನಿಸಾ ಎದುರಿಗೆ ಹೋಗಿ ನಿಂತು, "ನಾನು ದೀಪ ಹಾಕಿರಲಿಲ್ಲ" ಅಂದೆ.

ಅವರು ತಲೆ ಎತ್ತಿದರು.

"ಇಲ್ಲಿಗೆ ಬರ್ತಿದ್ದೆ. ಕಣ್ಣಾಸ್ಪತ್ರೆಗೆ ಅಂತ ಊರಿಗೆ ಗೊತ್ತಾಗೋದು ಬೇಡವಾಗಿತ್ತು. ನನ್ನ ಬಲಗಣ್ಣು ಕಾಣಲ್ಲ. ಕನ್ನಡಿಯಲ್ಲಿ ನೀವು ಕಾಣಲಿಲ್ಲ. ನೀವು ನೋಡಿದ್ದು ಸರಿ. ನಾನೇ ದೀಪ ಹಾಕಲಿಲ್ಲ."

ಅಳುತ್ತಾರೆ ಅಥವಾ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅವರ ಮುಖ ಬಿಗಿಯಾಯಿತು. "ಸಾರ್ ಮುಂದೆ ನಾನು ನನ್ನ ಕಣ್ಣನ್ನ ಬೈಕೊಳ್ಳುವಾಗ ನೀವು ಅಲ್ಲೇ ನಿಂತಿದ್ರಿ" ಅಂದರು.

"ಹೌದು."

"ನನಗೆ ಹೇಳಿ ಏನು ಪ್ರಯೋಜನ? ನನ್ನ ಕಣ್ಣು ಸರಿ ಇದೆ ಅಂತ ಡಾಕ್ಟ್ರೇ ಹೇಳಿದರು. ಹೊರಗೆ ಹೋಗಿ ಅವನಿಗೆ ಹೇಳಿ. ಕೀ ಅವನ ಜೇಬಿನಲ್ಲಿದೆ."

ಹೊರಗೆ ಹೋದೆ. ಸಣ್ಣಯ್ಯನೂ ದಸ್ತಗೀರನೂ ಜವರಪ್ಪನ ಗಾಡಿಯ ಹತ್ತಿರ ನಿಂತಿದ್ದರು. ಬೀಜದ ಗೋದಾಮಿನ ಹಮಾಲರು, ದನ ಹಿಡಿದುಕೊಂಡು ಬಂದವರು, ಹೀಗೆ ಹತ್ತು ಹನ್ನೆರಡು ಜನ ಸೇರಿದ್ದರು. ಗೇಟಿನಿಂದ ಅಲ್ಲಿಗೆ ಮೂವತ್ತು ಹೆಜ್ಜೆ ಇರಬಹುದು. ಒಳಗೆ ಹೇಳಿದ್ದನ್ನೇ ಹೇಳಿದೆ. ದೀಪ ಹಾಕಲಿಲ್ಲ, ಎಲ್ಲಿಗೆ ಹೊರಟಿದ್ದೆ, ಯಾಕೆ ಮುಚ್ಚಿಟ್ಟೆ, ಎಷ್ಟು ದಿನದಿಂದ ಒಂದೇ ಕಣ್ಣಿನಲ್ಲಿ ಗಾಡಿ ಓಡಿಸುತ್ತಿದ್ದೇನೆ, ಎಲ್ಲ. ಹೇಳುತ್ತಾ ಹೋದ ಹಾಗೆ ದನಿ ಗಟ್ಟಿಯಾಯಿತು. ಎಂಟು ತಿಂಗಳಿನಿಂದ ಹೊತ್ತ ಮೂಟೆಯನ್ನು ಆ ಹಮಾಲರ ನಡುವೆಯೇ ಇಳಿಸಿದ ಹಾಗಾಯಿತು.

ಸಣ್ಣಯ್ಯ ಬರೆದುಕೊಂಡಿದ್ದ ಹಾಳೆಯನ್ನು ನಿಧಾನವಾಗಿ ಹರಿದು, ಹೊಸ ಹಾಳೆಯಲ್ಲಿ ಬರೆಯಲು ಶುರು ಮಾಡಿದರು. "ಕಣ್ಣು ಸರಿ ಇದೆ ಅಂತ ಸರ್ಟಿಫಿಕೇಟ್ ಬರೋವರೆಗೂ ನಿಮ್ಮ ಲೈಸೆನ್ಸ್ ನಮ್ಮ ಹತ್ತಿರ ಇರುತ್ತೆ ಮೇಡಂ. ಕೇಸೂ ಆಗುತ್ತೆ" ಅಂದರು. ಪರ್ಸಿನಿಂದ ತೆಗೆದು ಕೊಟ್ಟೆ. ದಸ್ತಗೀರ ನನ್ನ ಎದುರಿಗೆ ಬಂದ. ಬೈಯಲಿ ಅಂತ ಕಾದೆ. ಅವನು ಬೈಯಲಿಲ್ಲ. ಆಸ್ಪತ್ರೆಯೊಳಗೆ ಹೋಗಿ ಬಂದ. ವಾಪಸ್ಸು ಬಂದಾಗ ಅವನ ಜೇಬಿನಲ್ಲಿ ಕೀ ಇರಲಿಲ್ಲ. ಮಣ್ಣಾದ ರವಿಕೆಗಳನ್ನು ಒಂದೊಂದಾಗಿ ಕೊಡವಿ ಚೀಲಕ್ಕೆ ತುಂಬತೊಡಗಿದ. ನಾನೂ ಕೂತು ಆರಿಸಿದೆ.

ಜೈಬುನ್ನಿಸಾ ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಡಾಕ್ಟರ್ ಇಂದುಮತಿ ನನ್ನನ್ನು ಕೂರಿಸಿದರು. ಕಣ್ಣಿಗೆ ಹನಿ ಹಾಕಿ, ಅರ್ಧ ಗಂಟೆ ಕಾಯಿಸಿ, ಒಂದು ಯಂತ್ರದ ಮುಂದೆ ಗಲ್ಲ ಊರಿಸಿದರು. ಬೆಳಕು ಅತ್ತ ಇತ್ತ ಹರಿಯಿತು. ಅಪ್ಪನ ವಿಷಯ ಎಲ್ಲ ಹೇಳಿದೆ. ಅವರು ಇನ್ನೂ ಎರಡು ಪರೀಕ್ಷೆ ಮಾಡಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ.

"ಒತ್ತಡ ಸರಿಯಾಗೇ ಇದೆ. ನರವೂ ಚೆನ್ನಾಗಿದೆ" ಅಂದರು. "ನಿಮಗೆ ಬಂದಿರೋದು ಪೊರೆ. ಬರೀ ಪೊರೆ. ಎಡಗಣ್ಣಿಗೂ ತೆಳುವಾಗಿ ಶುರುವಾಗಿದೆ, ಬಣ್ಣ ಮಾಸಿ ಕಾಣೋದು ಅದಕ್ಕೇ. ಅಪ್ಪನಿಗೆ ಇದ್ದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸ್ತಾ ಇರಿ, ಅಷ್ಟೇ. ಪೊರೆ ತೆಗೆಯೋಕೆ ಅರ್ಧ ಗಂಟೆ ಸಾಕು."

ನಾನು ಮತ್ತೊಮ್ಮೆ ಹೇಳಿಸಿಕೊಂಡೆ. ಅವರು ಬೇಸರವಿಲ್ಲದೆ ಮತ್ತೊಮ್ಮೆ ಹೇಳಿದರು. ಗೇಟಿನ ಹೊರಗೆ ನಾನು ಕಾರಿನಲ್ಲಿ ಕೂತಿದ್ದ ಆ ಐದು ದಿನಗಳಲ್ಲಿ ಯಾವುದಾದರೂ ಒಂದು ದಿನ ಇಳಿದು ಒಳಗೆ ಬಂದಿದ್ದರೂ ಇಷ್ಟೇ ಹೇಳುತ್ತಿದ್ದರು. ಒಬ್ಬರ ಕೈ ಮುರಿಯುತ್ತಿರಲಿಲ್ಲ.

ಸಂಜೆ ಮನೆಗೆ ನಡೆದೇ ಬಂದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅತ್ತೆ ವರಾಂಡದಲ್ಲಿ ಕೂತಿದ್ದರು. "ನನಗೆ ಯಾಕಮ್ಮಾ ಹೇಳಲಿಲ್ಲ?" ಅಂದರು. "ಹೆದರಿಕೊಂಡಿದ್ದೆ ಅತ್ತೆ." "ನನ್ನನ್ನಾದರೂ ಜೊತೆಗೆ ಕರಕೊಂಡು ಹೋಗಿದ್ದರೆ ಇಬ್ಬರೂ ಸೇರಿ ಹೆದರಬಹುದಿತ್ತಲ್ಲ" ಅಂದು ತಟ್ಟೆ ಹಾಕಲು ಎದ್ದರು. ಆ ದಿನ ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಸ್ಕೂಲಿಗೆ ಬೀಗ ಬಿತ್ತು. ಇನ್ನು ಯಾರೂ ಬರುವುದಿಲ್ಲ ಅಂದುಕೊಂಡೆ. ಬಂದರು, ಆದರೆ ಕಲಿಯಲು ಅಲ್ಲ. ತಾವು ಯಾಕೆ ದೀಪ ಹಾಕುವುದಿಲ್ಲ ಅಂತ ಹೇಳಲು ಒಬ್ಬೊಬ್ಬರಾಗಿ ಬರತೊಡಗಿದರು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಪ್ರತಿ ಗುರುವಾರ ಹಾರ್ಮೋನಿಯಂ ಕಲಿಯಲು ಹೋಗುತ್ತಿದ್ದರಂತೆ, ಎಪ್ಪತ್ತರಲ್ಲಿ ಸರಿಗಮ ಅಂದರೆ ನಗುತ್ತಾರೆ ಅಂತ ದೀಪ ಹಾಕುತ್ತಿರಲಿಲ್ಲ. ಒಬ್ಬಾಕೆ, ಸೊಸೆಯ ಜೊತೆ ಮಾತು ಬಿಟ್ಟವಳು, ಮೊಮ್ಮಗಳನ್ನು ನೋಡಲು ಅಂಗನವಾಡಿಯ ಹಿಂಬದಿಗೆ ಹೋಗಿ ನಿಲ್ಲುತ್ತಿದ್ದಳಂತೆ. ಇಡ್ಲಿಯ ಅಡುಗೆಯವರೂ ಬಂದಿದ್ದರು. ಕೆಟ್ಟ ಜಾಗಕ್ಕೆ ಹೋಗುತ್ತಿದ್ದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಹೇಳಿ ಮುಗಿಸಿ, ಒಂದು ಲೋಟ ಕಾಫಿ ಕುಡಿದು, ಹೊರಡುವಾಗ ಕೆಲವರು ದೀಪ ಹಾಕಿಕೊಂಡೇ ಹೋದರು. ಕೆಲವರು ಹಾಕಲಿಲ್ಲ. ನಾನು ಯಾರಿಗೂ ಬುದ್ಧಿ ಹೇಳಲಿಲ್ಲ.

ಮಧ್ಯಾಹ್ನಗಳಲ್ಲಿ ನಡೆದು ಜೈಬುನ್ನಿಸಾ ಅವರ ಮನೆಗೆ ಹೋಗುತ್ತಿದ್ದೆ. ಎಡಗೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಕೂತ ಅವರಿಗೆ ಬಟ್ಟೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು. ನಾನು ಬಟ್ಟೆ ಹಿಡಿದೆ, ಗುಂಡಿ ಹಚ್ಚಿದೆ, ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಿದೆ. ಮೊದಲ ವಾರ ಅವರು ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಎರಡನೆಯ ವಾರ ನಾನು ಹಚ್ಚಿದ ಹುಕ್ಕುಗಳನ್ನೆಲ್ಲ ಕಿತ್ತು ಮುಂದಿಟ್ಟರು. "ಇದು ಹುಕ್ಕು ಮೇಡಂ, ಗೇರ್ ಅಲ್ಲ. ಮತ್ತೆ ಹಚ್ಚಿ." ಮತ್ತೆ ಹಚ್ಚಿದೆ. ಮೈದಾನದಲ್ಲಿ ಇಪ್ಪತ್ತಾರು ದಿನ ನಾನು ಅವರನ್ನು ಬೈದದ್ದಕ್ಕೆಲ್ಲ ಬಡ್ಡಿ ಸೇರಿಸಿ ಬೈದರು. ಬೈಗುಳ ಶುರುವಾದ ಮೇಲೆ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರತೊಡಗಿತು.

ಎರಡು ತಿಂಗಳಾದ ಮೇಲೆ ನನ್ನ ಕಣ್ಣಿನ ಆಪರೇಷನ್ನಿನ ಸರದಿ ಬಂತು. ಅಷ್ಟರಲ್ಲಿ ಅವರ ಕೈಯ ಕಟ್ಟು ಬಿಚ್ಚಿಯಾಗಿತ್ತು, ಬೆರಳುಗಳೂ ಸಲೀಸಾಗಿದ್ದವು. ಕಣ್ಣಿನ ಪಟ್ಟಿ ತೆಗೆಯುವ ದಿನ ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದರು. "ಹತ್ತಿ. ನಾನು ಓಡಿಸ್ತೀನಿ, ನೀವು ಸುಮ್ಮನೆ ಕೂತ್ಕೊಳ್ಳಿ. ಪಾಠ ಮಾಡಬೇಡಿ" ಅಂದರು. ಹಿಂದೆ ಕೂತೆ. ಮಾರ್ಕೆಟ್ಟಿನಲ್ಲಿ ದೀಪ ಹಾಕಿದಾಗ ಜನ ತಿರುಗಿ ನೋಡಿದರು. ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಹೂವಿನವಳು ಕೈ ಎತ್ತಿ, "ಒಳ್ಳೇದಾಗ್ಲಿ ನೀಲಕ್ಕಾ" ಅಂದಳು. ಇದೊಂದು ಮಾತಿಗೆ ಹೆದರಿ ನಾನು ಎಷ್ಟು ತಿಂಗಳು ಕತ್ತಲಲ್ಲಿ ಓಡಾಡಿದೆ ಅನ್ನಿಸಿತು.

ಡಾಕ್ಟರು ಪಟ್ಟಿ ತೆಗೆದು, ಹತ್ತಿಯಿಂದ ಒರೆಸಿ, "ಮೆಲ್ಲಗೆ ಬಿಡಿ" ಅಂದರು. ಬೆಳಕು ಬಂತು. ಗೋಡೆ ಬಿಳಿಯಾಗಿತ್ತು, ಗೋಡೆ ಅಷ್ಟು ಬಿಳಿಯಾಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಎದುರಿಗೆ ಜೈಬುನ್ನಿಸಾ ನಿಂತಿದ್ದರು. ಅವರು ಯಾವಾಗಲೂ ಹೊದೆಯುವ ದುಪಟ್ಟಾವನ್ನು ನೋಡಿ ನಾನು ಬಾಯಿ ತೆರೆದೆ.

"ಇದು ನೇರಳೆಯಾ?"

"ಮತ್ತೆ ಇಷ್ಟು ದಿನ ಏನಂದ್ಕೊಂಡಿದ್ರಿ?"

"ಕಂದು."

ಅವರು ದುಪಟ್ಟಾದ ತುದಿ ಹಿಡಿದು ತಮಗೇ ತೋರಿಸಿಕೊಂಡರು. ಆಮೇಲೆ ನಗತೊಡಗಿದರು. ಮುರಿದು ಕೂಡಿದ ಕೈಯನ್ನು ಎದೆಗೆ ಒತ್ತಿಕೊಂಡು, ಕುರ್ಚಿಯ ಮೇಲೆ ಕೂತುಬಿಡುವಷ್ಟು ನಕ್ಕರು. "ಕಂದು ಬಣ್ಣ ಹೊದ್ದುಕೊಳ್ಳೋ ವಯಸ್ಸಾ ಮೇಡಂ ನಂದು?" ಅಂದರು. ಡಾಕ್ಟರೂ ನಕ್ಕರು. ಕಣ್ಣಿಗೆ ನೀರು ಸೋಕಿಸಬೇಡಿ ಅಂತ ಆಗಷ್ಟೇ ಹೇಳಿದ್ದರು ಅವರು, ಆದರೆ ನನ್ನ ಎರಡೂ ಕಣ್ಣಿಂದ ನೀರು ಇಳಿಯುತ್ತಿದ್ದದ್ದನ್ನು ಕಂಡೂ ಏನೂ ಅನ್ನಲಿಲ್ಲ. ಒಂದು ಚೂರು ಹತ್ತಿ ಹರಿದು ನನ್ನ ಕೈಗೆ ಕೊಟ್ಟರು, ಅಷ್ಟೇ.